ಭಿನ್ನರಾಶಿಯಿಂದ ದಶಮಾಂಶ: ಮೊದಲು ತಕ್ಕಡಿ, ಆಮೇಲೆ ಭಾಗಾಕಾರ

ಮನೆಯಲ್ಲಿ ಐದನೇ, ಆರನೇ ಕ್ಲಾಸಿನ ಮಕ್ಕಳಿದ್ದವರಿಗೆ ಒಂದು ಸಲಹೆ. ಭಿನ್ನರಾಶಿಯನ್ನು ದಶಮಾಂಶ ಮಾಡಿಸಲು ನೇರವಾಗಿ ಭಾಗಾಕಾರಕ್ಕೆ ಕೂರಿಸಬೇಡಿ. ತರಕಾರಿ ಅಂಗಡಿಗೆ ಕರೆದುಕೊಂಡು ಹೋಗಿ. ಕಾಲು ಕೆಜಿ ಬೀನ್ಸ್ ಹಾಕಿದಾಗ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 0.250 ಬರುತ್ತದೆ, ಮುಕ್ಕಾಲು ಕೆಜಿಗೆ 0.750. 1/4, 3/4 ಅಂದರೆ ಇದೇ ಎಂದು ಅಲ್ಲೇ ತೋರಿಸಿ. (ಮೊದಲಾದರೆ ನಾಲ್ಕಾಣೆ ಸಾಕಿತ್ತು. 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು, ಈಗಿನ ಮಕ್ಕಳಿಗೆ ಅದು ಗೊತ್ತೇ ಇಲ್ಲ.)

ಆಮೇಲೆ ಲೆಕ್ಕ. ಛೇದವನ್ನು (ಕೆಳಗಿನ ಸಂಖ್ಯೆಯನ್ನು) 10, 100 ಅಥವಾ 1000 ಮಾಡಲು ಬರುತ್ತದೆಯೇ ಕೇಳಿ. 3/5ರ ಮೇಲೂ ಕೆಳಗೂ 2ರಿಂದ ಗುಣಿಸಿದರೆ 6/10, ಅಂದರೆ 0.6. 7/20ನ್ನು 5ರಿಂದ ಗುಣಿಸಿದರೆ 35/100, ಅಂದರೆ 0.35. 1/8ಕ್ಕೆ 125 ಬೇಕು, ಅದನ್ನು ಅವರೇ ಹುಡುಕಲಿ.

ಹೀಗೆ ಆಗದಿದ್ದರೆ ಮಾತ್ರ ಭಾಗಾಕಾರ: ಅಂಶ (ಮೇಲಿನ ಸಂಖ್ಯೆ) ಒಳಗೆ, ಛೇದ ಹೊರಗೆ. ದೊಡ್ಡ ಸಂಖ್ಯೆಯೇ ಒಳಗಿರಬೇಕು ಅಂದುಕೊಂಡು ಎಷ್ಟೋ ಮಕ್ಕಳು 3/5ಕ್ಕೆ 5ನ್ನೇ 3ರಿಂದ ಭಾಗಿಸಿಬಿಡುತ್ತಾರೆ. ಅದಕ್ಕೇ ಪೆನ್ಸಿಲ್ ಹಿಡಿಯುವ ಮೊದಲು, "ಇದು ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ? ಒಂದನ್ನು ದಾಟುತ್ತದೋ?" ಎಂದು ಅಂದಾಜು ಹೇಳಿಸಿ. ಉತ್ತರ 1.66 ಬಂದರೆ ತಾವೇ ತಪ್ಪು ಹಿಡಿಯುತ್ತಾರೆ. 1/20ಕ್ಕೆ 0.5 ಎಂದು ಬರೆಯುವುದೂ ಹೀಗೇ ಸಿಕ್ಕಿಬೀಳುತ್ತದೆ.

1/3, 1/7 ಕೊನೆಗಿರಲಿ. ಸಂಕ್ಷೇಪಿಸಿದ ಮೇಲೂ ಛೇದದಲ್ಲಿ 2, 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ (3, 7ರಂಥದ್ದು) ಉಳಿದರೆ ಭಾಗಾಕಾರ ಮುಗಿಯುವುದೇ ಇಲ್ಲ. 1/7ರಲ್ಲಿ 142857 ಮತ್ತೆ ಮತ್ತೆ ಬರುತ್ತದೆ. 2/7ನ್ನೂ ಮಾಡಿಸಿ: ಅವೇ ಅಂಕಿಗಳು, ಶುರುವಾಗುವ ಜಾಗ ಮಾತ್ರ ಬೇರೆ.