ಹುಲ್ಲಿಗೆ ಬೈಯಬೇಡಿ, ಮೊದಲು ಬ್ಲೇಡು ನೋಡಿ

ಕಳೆದ ಜುಲೈಯಲ್ಲಿ ತಂಗಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿದ. "ದೊಡ್ಡಮ್ಮ, ನಿನ್ನೆ ಮೂರು ಗಂಟೆ ಒದ್ದಾಡಿ ಲಾನ್ ಕಟ್ ಮಾಡಿದೆ. ಇವತ್ತು ನೋಡಿದ್ರೆ ಪೂರ್ತಿ ಹಳದಿ. ಮಷಿನ್ನೇ ಸರಿ ಇಲ್ಲ ಅನ್ಸುತ್ತೆ, ಬೇರೆ ತಗೊಳ್ಳಲಾ?" ಎಂದ. ಎಷ್ಟು ದಿನದ ಮೇಲೆ ಕತ್ತರಿಸಿದೆ ಎಂದು ಕೇಳಿದೆ. ಒಂದೂವರೆ ತಿಂಗಳಂತೆ. ಎಷ್ಟು ಬೆಳೆದಿತ್ತು? ಒಂದು ಗೇಣು. ಎಷ್ಟಕ್ಕೆ ಇಳಿಸಿದೆ? "ಇನ್ನೊಂದು ತಿಂಗಳು ಈ ಕಡೆ ತಿರುಗಿ ನೋಡೋದೇ ಬೇಡ ಅಂತ ಎಲ್ಲಕ್ಕಿಂತ ಕೆಳಗಿನ ನಂಬರಿಗೇ ಇಟ್ಟೆ." ಹೊಸ ಮಷಿನ್ ಏನೂ ಬೇಡ, ಸುಮ್ನೆ ಇರು ಎಂದೆ.

ಮೈಸೂರಿನ ನಮ್ಮ ಮನೆ ಮುಂದೆ ಇರುವುದು 20 ಅಡಿಗೆ 30 ಅಡಿ ಹುಲ್ಲು, ಅಷ್ಟೇ. ಯಜಮಾನರಿಗೆ ಮಂಡಿ ನೋವು ಶುರುವಾದ ಮೇಲೆ ಅದು ನನ್ನ ಪಾಲಿಗೆ ಬಂತು. ಈಗ ನನಗೆ 71. ಮಳೆಗಾಲದಲ್ಲಿ ವಾರಕ್ಕೊಂದು ಸಲ, ಚಳಿಗಾಲದಲ್ಲಿ ಮೂರು ವಾರಕ್ಕೋ ತಿಂಗಳಿಗೋ ಒಂದು ಸಲ ಕತ್ತರಿಸುತ್ತೇನೆ. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಇದರಲ್ಲಿ ನನ್ನ ತೋಳಿನ ಶಕ್ತಿ ಏನೂ ಇಲ್ಲ. ಹುಲ್ಲು ಗಿಡ್ಡ ಇರುವಾಗಲೇ ಹೋದರೆ ಮಷಿನ್ ತಾನಾಗಿ ಓಡುತ್ತದೆ. ಬೆಳೆಯಲು ಬಿಟ್ಟರೆ ಗುದ್ದಾಟ. ಬೇಜಾರಿನ ಕೆಲಸ ಅಂತ ಜನ ಮುಂದಕ್ಕೆ ಹಾಕುತ್ತಾರೆ. ಮುಂದಕ್ಕೆ ಹಾಕಿದ್ದಕ್ಕೇ ಅದು ಬೇಜಾರಿನ ಕೆಲಸ ಆಗುವುದು.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು. ನಿಮಗೆ 3 ಸೆಂಟಿಮೀಟರ್ ಬೇಕು ಅಂದರೆ ನಾಲ್ಕೂವರೆ ಆದಾಗ ಕತ್ತರಿಸಿ. ಎಲೆ ಅಂದರೆ ಹುಲ್ಲಿನ ಅಡುಗೆಮನೆ. ಅದನ್ನೇ ಬೋಳಿಸಿದರೆ ಊಟ ಎಲ್ಲಿಂದ ಬರಬೇಕು? ಉದ್ದ ಬೆಳೆದ ಹುಲ್ಲಿನಲ್ಲಿ ಹಸಿರು ಇರುವುದು ತುದಿಯಲ್ಲಿ ಮಾತ್ರ. ಬುಡದಲ್ಲಿ ಬಿಸಿಲನ್ನೇ ಕಾಣದ, ಬಿಳಿಚಿಕೊಂಡ ಕಡ್ಡಿ. ನಮ್ಮ ಹುಡುಗನಿಗೆ ಹಳದಿ ಕಂಡಿದ್ದು ಅದೇ. ತೀರಾ ಗಿಡ್ಡ ಕತ್ತರಿಸುತ್ತಾ ಹೋದರೆ ಬೇರೂ ಆಳಕ್ಕೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಎಷ್ಟು ನೀರು ಕುಡಿಸಿದರೂ ಸಾಲದು. ಮೇಲಿಂದ ಖಾಲಿ ಜಾಗದಲ್ಲಿ ಬಿಸಿಲು ಬಿದ್ದು ಜೇಕು ಎಂಬ ಕಳೆ ಎದ್ದು ಕೂರುತ್ತದೆ.

ಈಗಾಗಲೇ ಕಾಡು ಥರ ಬೆಳೆದುಬಿಟ್ಟಿದ್ದರೆ ಮೆಟ್ಟಿಲು ಇಳಿದ ಹಾಗೆ ಇಳಿಸಿ. ಮೊದಲ ದಿನ ಎಲ್ಲಕ್ಕಿಂತ ಮೇಲಿನ ನಂಬರು. ನಾಲ್ಕು ದಿನ ಬಿಟ್ಟು ಒಂದು ನಂಬರು ಕೆಳಗೆ. ಹೀಗೇ ಎರಡು ಮೂರು ಸಲ.

ಮಷಿನ್ ಮೇಲಿರುವ 1, 2, 3 ಎಂಬ ನಂಬರು ಸೆಂಟಿಮೀಟರ್ ಅಲ್ಲ, ಮೋಸ ಹೋಗಬೇಡಿ. ಪ್ಲಗ್ ಕಿತ್ತು, ಮಷಿನ್ನನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ನೆಲದಿಂದ ಬ್ಲೇಡಿಗೆ ಸ್ಕೇಲ್ ಇಟ್ಟು ಒಂದು ಸಲ ಅಳೆದು ಬರೆದಿಟ್ಟುಕೊಳ್ಳಿ. ಗರಿಕೆ ಹುಲ್ಲಿಗೆ ಎರಡೂವರೆಯಿಂದ 4 ಸೆಂಟಿಮೀಟರ್ ಸರಿ. ನರ್ಸರಿಯವರು ಮೆಕ್ಸಿಕನ್ ಅಂತ ಕೊಡುವ ಸಣ್ಣೆಲೆಯ ಹುಲ್ಲಿಗೂ ಅಷ್ಟೇ. ಅದು ನಿಧಾನಕ್ಕೆ ಬೆಳೆಯುತ್ತದೆ ಅಂತ ಮರೆತುಬಿಟ್ಟರೆ ದಿಂಬಿನ ಹಾಗೆ ಗುಡ್ಡೆ ಗುಡ್ಡೆ ಉಬ್ಬಿಕೊಳ್ಳುತ್ತದೆ. ಮರದ ನೆರಳಲ್ಲಿ ಹಾಕುವ ಅಗಲ ಎಲೆಯ ಹುಲ್ಲನ್ನು 5 ಸೆಂಟಿಮೀಟರಿಗಿಂತ ಕೆಳಗೆ ಇಳಿಸಬೇಡಿ.

ಇನ್ನು ಬ್ಲೇಡಿನ ವಿಷಯ. ಕತ್ತರಿಸಿದ ಮಾರನೇ ದಿನ ಹತ್ತು ಎಲೆ ಕಿತ್ತು ತುದಿ ನೋಡಿ. ನೇರವಾಗಿ ಕತ್ತರಿಸಿದ್ದರೆ ಬ್ಲೇಡು ಚೂಪಾಗಿದೆ. ನಾರು ನಾರಾಗಿ ಹರಿದು ಬೆಳ್ಳಗಾಗಿದ್ದರೆ ಅದು ಕತ್ತರಿಸುತ್ತಿಲ್ಲ, ಜಗ್ಗಿ ಹರಿಯುತ್ತಿದೆ. ಆ ತುದಿ ಎರಡು ದಿನದಲ್ಲಿ ಕಂದು ಆಗುತ್ತದೆ. ದೂರದಿಂದ ಇಡೀ ಲಾನ್‌ಗೆ ರೋಗ ಬಂದ ಹಾಗೆ ಕಾಣುತ್ತದೆ. ನಾವು ಗೊಬ್ಬರ ಹಾಕುತ್ತೇವೆ, ಔಷಧಿ ಹೊಡೆಯುತ್ತೇವೆ, ಪಾಪ ಬ್ಲೇಡನ್ನು ಯಾರೂ ನೋಡುವುದಿಲ್ಲ. ಮೊಂಡಾದ ಈಳಿಗೆಮಣೆಯಲ್ಲಿ ದಂಟಿನ ಸೊಪ್ಪು ಹೆಚ್ಚಿದರೆ ಹೇಗಿರುತ್ತೆ, ಹಾಗೆ.

ನಮ್ಮದು ತಳ್ಳುವ ಮಷಿನ್, ಕರೆಂಟ್ ಇಲ್ಲ. ಸುತ್ತುವ ಬ್ಲೇಡುಗಳು ಕೆಳಗಿನ ಒಂದು ಪಟ್ಟಿಗೆ ತಾಗಿ ಕತ್ತರಿಯ ಥರ ಕೆಲಸ ಮಾಡುತ್ತವೆ. ಇದಕ್ಕೆ ಪರೀಕ್ಷೆ ಸುಲಭ. ಪೇಪರಿನ ಒಂದು ಚೂರನ್ನು ಬ್ಲೇಡಿಗೂ ಪಟ್ಟಿಗೂ ನಡುವೆ ಹಿಡಿದು, ಬೆರಳು ದೂರ ಇಟ್ಟು, ನಿಧಾನಕ್ಕೆ ತಿರುಗಿಸಿ. ಈ ತುದಿಯಿಂದ ಆ ತುದಿಯವರೆಗೂ ಪೇಪರ್ ಸಲೀಸಾಗಿ ಕತ್ತರಿಸಬೇಕು. ಮಡಚಿಕೊಂಡು ಒಳಗೆ ಹೋದರೆ ಎರಡೂ ಬದಿಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಆಗಲೂ ಸರಿ ಹೋಗದಿದ್ದರೆ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಅಂತ ಸಿಗುತ್ತದೆ. ಒಂದು ಕಡೆ ಚಕ್ರ ಬಿಚ್ಚಿ, ಪೇಸ್ಟನ್ನು ಹಳೇ ಬ್ರಷ್‌ನಲ್ಲಿ ಬ್ಲೇಡಿಗೆ ಹಚ್ಚಿ, ಹಿಮ್ಮುಖವಾಗಿ ಐದು ನಿಮಿಷ ತಿರುಗಿಸಬೇಕು. ಎರಡೂ ಲೋಹ ಒಂದಕ್ಕೊಂದು ಉಜ್ಜಿ ಅಂಚು ಬರುತ್ತದೆ. ಆಮೇಲೆ ಪೇಸ್ಟ್ ಪೂರ್ತಿ ಒರೆಸಿ ಒಂದೆರಡು ಹನಿ ಎಣ್ಣೆ ಬಿಡಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ನಾನು ಇದನ್ನು ತಪ್ಪಿಸುವುದಿಲ್ಲ.

ಕರೆಂಟಿನ ಮಷಿನ್ ಆದರೆ ಬ್ಲೇಡು ಫ್ಯಾನಿನ ಹಾಗೆ ತಿರುಗುತ್ತದೆ. ಅದನ್ನು ಬಿಚ್ಚಿ ಅರ ಹಾಕಬಹುದು. ಆದರೆ ಎರಡೂ ಕಡೆ ಒಂದೇ ಸಮ ತೂಕ ಇರಬೇಕು. ಪಕ್ಕದ ಮನೆಯವರು ಒಂದು ಸಲ ಅಂಗಡಿಗೆ ಕೊಟ್ಟು ಸಾಣೆ ಹಿಡಿಸಿದರು. ಅವನು ಒಂದು ಕಡೆ ಜಾಸ್ತಿ ಉಜ್ಜಿಬಿಟ್ಟಿದ್ದ. ಮಷಿನ್ ಗಡಗಡ ನಡುಗಿ ನಟ್ಟೇ ಸಡಿಲ ಆಯಿತು. ಅದಕ್ಕೇ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ. ಯಾವ ಕಡೆ ಕೆಳಗೆ ಜಾರುತ್ತದೋ ಆ ಕಡೆ ಇನ್ನೂ ಸ್ವಲ್ಪ ಅರ ಹಾಕಿ. ತಕ್ಕಡಿಯ ದಂಡಿಗೆ ಥರ ನೆಟ್ಟಗೆ ನಿಲ್ಲಬೇಕು. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳುವುದನ್ನು ಮಾತ್ರ ಮರೆಯಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹೊತ್ತಿನ ಬಗ್ಗೆ ಒಂದು ಮಾತು. ನನ್ನ ತವರಿನಲ್ಲಿ ಹಸುವಿಗೆ ಹುಲ್ಲು ಕೊಯ್ಯಲು ಬೆಳಗಿನ ಇಬ್ಬನಿಯಲ್ಲೇ ಹೋಗುತ್ತಿದ್ದರು. ಕುಡುಗೋಲಿಗೆ ಒದ್ದೆ ಹುಲ್ಲೇ ಚೆನ್ನ, ಸರಕ್ಕನೆ ಬರುತ್ತದೆ. ಇಂಗ್ಲೆಂಡಿನಲ್ಲೂ ಹಿಂದೆ ದೊಡ್ಡ ಮನೆಗಳ ಲಾನ್ ಅನ್ನು ಉದ್ದ ಕುಡುಗೋಲಿನಿಂದ ನಸುಕಿನಲ್ಲೇ ಕೊಯ್ಯುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬುವನು ಅಲ್ಲಿ ಹುಲ್ಲು ಕತ್ತರಿಸುವ ಮಷಿನ್‌ಗೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮಿಲ್ಲಿನಲ್ಲಿ ಬಟ್ಟೆ ಮೇಲಿನ ಜುಂಗನ್ನು ಸಮ ಮಾಡುವ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತಂತೆ. ಬಟ್ಟೆಯಿಂದ ಬಂದ ಮಷಿನ್ ಅಲ್ವಾ, ಅದಕ್ಕೆ ಒಣಗಿದ್ದೇ ಬೇಕು. ಒದ್ದೆ ಹುಲ್ಲು ಮುದ್ದೆಯಾಗಿ ಒಳಗೆ ಅಂಟಿಕೊಳ್ಳುತ್ತದೆ, ನೆಲ ಮೆತ್ತಗಿದ್ದರೆ ಚಕ್ರದ ಗುರುತು ಬೀಳುತ್ತದೆ. ನಾನು ಸಂಜೆ ನಾಲ್ಕೂವರೆಗೆ, ಕಾಫಿ ಆದ ಮೇಲೆ ಶುರು ಮಾಡುತ್ತೇನೆ. ಕತ್ತರಿಸಿದ ಹುಲ್ಲಿಗೂ ರಾತ್ರಿಯ ತಂಪು ಸಿಗುತ್ತದೆ. ನೀರು ಹಾಕುವುದಿದ್ದರೆ ಕತ್ತರಿಸಿದ ಮೇಲೆ, ಮಾರನೇ ಬೆಳಿಗ್ಗೆ.

ಶುರು ಮಾಡುವ ಮುಂಚೆ ಒಂದು ಸುತ್ತು ನಡೆಯಿರಿ. ಕಲ್ಲು, ತೆಂಗಿನ ಚಿಪ್ಪು, ದೀಪಾವಳಿ ಆದ ಮೇಲೆ ರಾಕೆಟ್ ಕಡ್ಡಿ, ಮಕ್ಕಳ ಗೋಲಿ, ಏನೇನೋ ಸಿಗುತ್ತದೆ. ಮಳೆಗಾಲದಲ್ಲಿ ಕಪ್ಪೆ ಗ್ಯಾರಂಟಿ. ಹವಾಯಿ ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಹಾಕಿ. ಮೊದಲು ಅಂಚಿನಲ್ಲಿ ಎರಡು ಸುತ್ತು ಬನ್ನಿ, ಆಗ ತಿರುಗಿಸಲು ಜಾಗ ಆಗುತ್ತದೆ. ಆಮೇಲೆ ಹೊಲ ಉತ್ತ ಹಾಗೆ ಸಾಲು ಹಿಡಿದು ಹೋಗಿ. ಪ್ರತಿ ಸಾಲೂ ಹಿಂದಿನದರ ಮೇಲೆ ನಾಲ್ಕು ಬೆರಳು ಬರಲಿ. ಈ ವಾರ ಉದ್ದಕ್ಕೆ ಹೋದರೆ ಮುಂದಿನ ವಾರ ಅಡ್ಡಕ್ಕೆ. ಯಾವಾಗಲೂ ಒಂದೇ ಕಡೆ ಹೋದರೆ ಹುಲ್ಲು ಆ ಕಡೆಗೇ ಮಲಗಿಬಿಡುತ್ತದೆ. ವೈರ್ ಇರುವ ಮಷಿನ್ ಆದರೆ ಪ್ಲಗ್ ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗಬೇಕು, ವೈರ್ ಹೆಗಲ ಮೇಲೆ. ಆಗ ಅದು ಕತ್ತರಿಸಿದ ಕಡೆಯೇ ಬಿದ್ದಿರುತ್ತದೆ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ, ಇಲ್ಲದಿದ್ದರೆ ಹಾಕಿಸಿ.

ನಿಜವಾಗಿ ಸೊಂಟ ಮುರಿಯುವುದು ಮಷಿನ್ ಅಲ್ಲ. ಗೋಡೆ ಬದಿಯಲ್ಲಿ, ಗಿಡದ ಬುಡದಲ್ಲಿ ಕೂತು ಕತ್ತರಿ ಹಿಡಿಯುವ ಕೆಲಸ. ಅದಕ್ಕೆ ನಾನು ಮಾಡಿಸಿದ್ದು ಇಷ್ಟೇ. ಅಂಚಿನುದ್ದಕ್ಕೂ ಒಂದು ಸಾಲು ಇಟ್ಟಿಗೆಯನ್ನು ನೆಲಮಟ್ಟಕ್ಕೆ ಹೂಳಿಸಿದೆ. ಮಷಿನ್ನಿನ ಚಕ್ರ ಈಗ ಇಟ್ಟಿಗೆ ಮೇಲೆ ಓಡುತ್ತದೆ, ಹುಲ್ಲು ಅಂಚಿನವರೆಗೂ ಕತ್ತರಿಸುತ್ತದೆ. ಸೀಬೆ ಮರದ ಸುತ್ತ ಎರಡಡಿ ಹುಲ್ಲು ತೆಗೆಸಿ ತರಗೆಲೆ ಹರಡಿದೆ. ಮುಂಚೆ ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಅರ್ಧಕ್ಕೆ ಇಳಿದಿದ್ದು ಇದರಿಂದಲೇ.

ಕತ್ತರಿಸಿದ ಚೂರನ್ನು ಗುಡಿಸಿ ಎಸೆಯಬೇಡಿ. ವಾರವಾರ ಕತ್ತರಿಸುವವರಿಗೆ ಅದು ಸಣ್ಣ ಚೂರು. ಹಾಗೇ ಬಿಟ್ಟರೆ ಕರಗಿ, ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ವಾಪಸ್ ಬರುತ್ತದೆ. ರಾಶಿಯಾಗಿ ಬಿದ್ದರೆ ಮಾತ್ರ ಕಡ್ಡಿ ಪೊರಕೆಯಲ್ಲಿ ಹರಡಿ, ಇಲ್ಲದಿದ್ದರೆ ಅಡಿಯ ಹುಲ್ಲು ಕೊಳೆಯುತ್ತದೆ. ಜೇಕು ಕತ್ತರಿಸಿದರೆ ಸಾಯುವುದಿಲ್ಲ, ಗೆಡ್ಡೆ ಒಳಗೇ ಇರುತ್ತದೆ. ಮಳೆ ಬಂದು ಮಣ್ಣು ಸಡಿಲ ಆದ ದಿನ ಕೈಗುದ್ದಲಿಯಲ್ಲಿ ಗೆಡ್ಡೆ ಸಮೇತ ಎತ್ತಬೇಕು. ಒಂದು ವರ್ಷದಲ್ಲಿ ಮುಗಿಯುವ ಜಗಳ ಅಲ್ಲ ಅದು, ನನಗೂ ಮುಗಿದಿಲ್ಲ.

ಹುಡುಗನ ಲಾನ್ ಮೂರು ವಾರದಲ್ಲಿ ಹಸಿರಾಯಿತು. ಮಳೆ ಇತ್ತು, ಗರಿಕೆ ಹುಲ್ಲು, ಬೇಗ ಚೇತರಿಸಿಕೊಂಡಿತು. ಈಗ ಭಾನುವಾರ ಸಂಜೆ ಕತ್ತರಿಸುತ್ತಾನಂತೆ. ಮೊನ್ನೆ ಬಂದಾಗ ನಮ್ಮ ಲಾನ್ ನೋಡಿ, "ದೊಡ್ಡಮ್ಮ, ತುಳಸಿ ಕಟ್ಟೆ ಹತ್ತಿರ ಒಂದು ಮೂಲೆ ಬಿಟ್ಟುಬಿಟ್ಟಿದ್ದೀರಲ್ಲ" ಎಂದ. ಬಿಟ್ಟಿದ್ದಲ್ಲ, ಇಟ್ಟಿದ್ದು. ಆಷಾಢ ಕಳೆದ ಮೇಲೆ ಆ ಮೂಲೆಗೆ ನಾನು ಮಷಿನ್ ಹಾಕುವುದಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಅಲ್ಲಿ ಗರಿಕೆ ಎಳೆಯದಾಗಿ, ಉದ್ದಕ್ಕೆ ಬಂದಿರುತ್ತದೆ. ಬೀದಿಯ ನಾಲ್ಕು ಮನೆಯವರು ಬೆಳಿಗ್ಗೆ ಬಂದು ಇಪ್ಪತ್ತೊಂದು ಎಣಿಸಿ ಕಿತ್ತುಕೊಂಡು ಹೋಗುತ್ತಾರೆ.