ಆಸ್ಪತ್ರೆಗೆ ಎಂಆರ್‌ಐ ಬೇಕು ಎಂದು ಸರ್ಕಾರವನ್ನು ಒಪ್ಪಿಸಿದ್ದು: ನನ್ನ ಅನುಭವ

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ. ಆಸ್ಪತ್ರೆಗಳ ಪರವಾಗಿ ಸರ್ಕಾರಕ್ಕೆ ಅರ್ಜಿ ತಯಾರು ಮಾಡುವುದು ನನ್ನ ಕೆಲಸ. ಊರಿಗೆ ಹೋದಾಗ ಇದನ್ನು ಹೇಳಿದರೆ, "ಆಸ್ಪತ್ರೆಯವರು ತಮ್ಮ ದುಡ್ಡಲ್ಲಿ ಯಂತ್ರ ತರೋಕೆ ಸರ್ಕಾರವನ್ನ ಯಾಕೆ ಕೇಳಬೇಕು?" ಅಂತಾರೆ. ನ್ಯಾಯವಾದ ಪ್ರಶ್ನೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಬೇಕು. ಆದರೆ ಈ ಬೀದಿಗೆ ಇನ್ನೊಂದು ಸ್ಕ್ಯಾನಿಂಗ್ ಸೆಂಟರ್ ಬೇಕಾ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ಬೇಕು ಎಂದು ತೋರಿಸಿದರೆ ಮಾತ್ರ 'ಸರ್ಟಿಫಿಕೇಟ್ ಆಫ್ ನೀಡ್', ಅಂದರೆ ಅಗತ್ಯ ಇದೆ ಎಂಬ ಪ್ರಮಾಣಪತ್ರ, ಸಿಗುತ್ತದೆ.

ಇದು ಶುರುವಾದದ್ದು ನ್ಯೂಯಾರ್ಕ್‌ನಲ್ಲಿ, 1964ರಲ್ಲಿ. ಹಾಸಿಗೆ ಇದ್ದರೆ ಅದನ್ನು ತುಂಬಿಸಲು ರೋಗಿಗಳು ಸಿಕ್ಕೇ ಸಿಗುತ್ತಾರೆ, ಖರ್ಚು ಎಲ್ಲರ ತಲೆಗೆ ಬೀಳುತ್ತದೆ ಎಂಬ ವಾದ ಆಗ ಜೋರಾಗಿತ್ತು. 1974ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿ, ಎಲ್ಲ ರಾಜ್ಯಗಳೂ ಇಂಥ ಕಾಯ್ದೆ ತರುವಂತೆ ಒತ್ತಡ ಹಾಕಿತು. 1986ರಲ್ಲಿ ಆ ಕಾನೂನನ್ನೇ ರದ್ದು ಮಾಡಿತು. ಕೆಲವು ರಾಜ್ಯಗಳು ಕೈಬಿಟ್ಟವು, ನಾರ್ತ್ ಕೆರೊಲಿನಾ ಬಿಡಲಿಲ್ಲ. ಪ್ರತಿ ವರ್ಷ ಇಲ್ಲೊಂದು ರಾಜ್ಯ ಯೋಜನೆ ತಯಾರಾಗುತ್ತದೆ. ಯಾವ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಇನ್ನೆಷ್ಟು ಹಾಸಿಗೆ, ಎಷ್ಟು ಆಪರೇಷನ್ ಥಿಯೇಟರ್, ಎಷ್ಟು ಎಂಆರ್‌ಐ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಗವರ್ನರ್ ಸಹಿ ಬಿದ್ದ ಮೇಲೆ ಅದೇ ಲೆಕ್ಕ.

ನಾನು ಹೇಳಹೊರಟಿರುವುದು ರಾಜ್ಯದ ಪೂರ್ವ ಭಾಗದ ಒಂದು ಸಣ್ಣ ಆಸ್ಪತ್ರೆಯ ವಿಷಯ. ಅಲ್ಲಿ ಸ್ವಂತ ಎಂಆರ್‌ಐ ಇರಲಿಲ್ಲ. ವಾರದಲ್ಲಿ ಕೆಲವು ದಿನ ಒಂದು ದೊಡ್ಡ ಟ್ರೇಲರ್ ಬರುತ್ತಿತ್ತು, ಒಳಗೆ ಯಂತ್ರ. ಆಸ್ಪತ್ರೆಯ ಹಿಂದಿನ ಸಿಮೆಂಟ್ ಕಟ್ಟೆಯ ಮೇಲೆ ಅದನ್ನು ನಿಲ್ಲಿಸುತ್ತಿದ್ದರು. ರೋಗಿಯನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದು, ಟ್ರೇಲರಿನ ಪಕ್ಕದ ಲಿಫ್ಟಿನಲ್ಲಿ ಮೇಲೆತ್ತಿ ಒಳಗೆ ಬಿಡಬೇಕು. ಮಳೆ ಬಂದರೆ ನರ್ಸ್ ಒಬ್ಬರು ಕೊಡೆ ಹಿಡಿದು ಪಕ್ಕದಲ್ಲೇ ನಡೆಯಬೇಕು. ಟ್ರೇಲರ್ ಇಲ್ಲದ ದಿನ ಯಾರಿಗಾದರೂ ಲಕ್ವ ಹೊಡೆದ ಅನುಮಾನ ಬಂದರೆ, ಆಂಬುಲೆನ್ಸಿನಲ್ಲಿ ಪಕ್ಕದ ಕೌಂಟಿಗೆ.

ಆದರೂ ರಾಜ್ಯ ಯೋಜನೆಯಲ್ಲಿ ಆ ಕೌಂಟಿಯ ಎದುರು ಬರೆದಿದ್ದ ಅಗತ್ಯ: ಸೊನ್ನೆ. ಯಾಕೆಂದರೆ ಆ ಲೆಕ್ಕ ನೋಡುವುದು ಕೌಂಟಿಯಲ್ಲಿರುವ ಯಂತ್ರಗಳ ಮೇಲೆ ಆದ ಸ್ಕ್ಯಾನ್‌ಗಳನ್ನು. ಅರೆಕಾಲಿಕ ಟ್ರೇಲರಿನಲ್ಲಿ ಎಷ್ಟು ತಾನೇ ಆಗುತ್ತದೆ? ಜನ ಬೇರೆ ಕಡೆ ಹೋಗಿ ಮಾಡಿಸಿಕೊಂಡದ್ದು ಬೇರೆ ಕೌಂಟಿಯ ಅಗತ್ಯವಾಗಿ ಬರೆಸಿಕೊಳ್ಳುತ್ತದೆ. ಯಂತ್ರ ಇಲ್ಲದ ಊರಿಗೆ ಯಂತ್ರ ಬೇಡ ಎಂದೇ ಉತ್ತರ ಬರುತ್ತದೆ. ಈ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ವಿಷಯ ಇದು.

ಇದಕ್ಕೆ ಯೋಜನೆಯೊಳಗೇ ಒಂದು ದಾರಿ ಇತ್ತು: ಟಿಇ-3 ಎಂಬ ನೀತಿ. ದಿನದ 24 ಗಂಟೆಯೂ ತುರ್ತು ಚಿಕಿತ್ಸೆ ಕೊಡುವ, ಆದರೆ ಸ್ವಂತ ಎಂಆರ್‌ಐ ಇಲ್ಲದ ಆಸ್ಪತ್ರೆ, ಯೋಜನೆಯಲ್ಲಿ ಸೊನ್ನೆ ಇದ್ದರೂ ಅರ್ಜಿ ಹಾಕಬಹುದು. ಆದರೆ ಮೂರನೇ ವರ್ಷಕ್ಕೆ ಕನಿಷ್ಠ 850 ಸ್ಕ್ಯಾನ್ ಆಗುತ್ತವೆ ಎಂದು ತೋರಿಸಬೇಕು. ಇದು ಬರೀ ಎಣಿಕೆ ಅಲ್ಲ, ತೂಕದ ಲೆಕ್ಕ. ಆಗಿನ ನಿಯಮದಲ್ಲಿ ಹೊರರೋಗಿಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಇಲ್ಲದೆ ಮಾಡಿದ ಸ್ಕ್ಯಾನ್ 1, ಕಾಂಟ್ರಾಸ್ಟ್ ಕೊಟ್ಟರೆ 1.4. ಒಳರೋಗಿಗೆ ಕಾಂಟ್ರಾಸ್ಟ್ ಇಲ್ಲದಿದ್ದರೆ 1.4, ಇದ್ದರೆ 1.8.

850 ಎಲ್ಲಿಂದ ತರುವುದು? ಇಲ್ಲಿ ಪ್ರತಿ ಆಸ್ಪತ್ರೆಯೂ ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸುವಾಗ ಒಂದು ಉದ್ದನೆಯ ಫಾರಂ ತುಂಬುತ್ತದೆ. ಎಂಆರ್‌ಐ ಮಾಡಿಸಿಕೊಂಡವರು ಯಾವ್ಯಾವ ಕೌಂಟಿಯವರು ಎಂಬ ಪಟ್ಟಿ ಅದರಲ್ಲಿರುತ್ತದೆ. ಯಾರು ಬೇಕಾದರೂ ನೋಡಬಹುದು. ನಾನು ಸುತ್ತಮುತ್ತಲಿನ ಒಂದೊಂದೇ ಆಸ್ಪತ್ರೆಯ ಫಾರಂ ತೆಗೆದು, ನಮ್ಮ ಕೌಂಟಿಯ ಸಾಲನ್ನು ಮಾತ್ರ ಎತ್ತಿ ಒಂದು ಶೀಟಿಗೆ ಹಾಕುತ್ತಾ ಹೋದೆ. ಸುಮ್ನೆ ಕೂತು ಮಾಡುವ ಗುಮಾಸ್ತನ ಕೆಲಸ. ಅರ್ಜಿಯ ಜೀವ ಇದ್ದದ್ದು ಅಲ್ಲೇ. ನಮ್ಮ ಕೌಂಟಿಯ ಹೆಚ್ಚಿನವರು ಸ್ಕ್ಯಾನ್‌ಗೆ ಹೊರಗೆ ಹೋಗುತ್ತಿದ್ದರು. ಎಲ್ಲಿಗೆ, ಎಷ್ಟು ದೂರ ಅನ್ನುವುದೂ ಗೊತ್ತಾಯಿತು.

ಆ ಮೊತ್ತವನ್ನು ಕೌಂಟಿಯ ಜನಸಂಖ್ಯೆಗೆ ಭಾಗಿಸಿ ಸಾವಿರ ಜನಕ್ಕೆ ಎಷ್ಟು ಎಂದು ತೆಗೆದೆ. ಮುಂದಿನ ವರ್ಷಗಳ ಜನಸಂಖ್ಯೆಗೆ ರಾಜ್ಯದ ಬಜೆಟ್ ಕಚೇರಿಯ ಅಂದಾಜನ್ನೇ ಬಳಸಿದೆ. ಅದರ ಮೇಲೆ ಪರಿಶೀಲಕರು ತಕರಾರು ಮಾಡುವುದಿಲ್ಲ. ಹೊರಗೆ ಹೋಗುವವರಲ್ಲಿ ಎಷ್ಟು ಮಂದಿ ವಾಪಸ್ ಬರುತ್ತಾರೆ ಎಂಬುದನ್ನು ಬೇಕೆಂದೇ ಕಡಿಮೆ ಹಿಡಿದೆ. ಆಸೆಪಟ್ಟು ಜಾಸ್ತಿ ತೋರಿಸಿದರೆ ಎದುರಾಳಿ ವಕೀಲರಿಗೆ ಮೊದಲು ಸಿಗುವುದೇ ಆ ಅಂಕಿ. ಕಡಿಮೆ ಹಿಡಿದರೂ 850 ದಾಟಿತು.

ಡಾಕ್ಟರುಗಳ ಪತ್ರ ಕೇಳುವಾಗ ಒಂದು ವಿಷಯದಲ್ಲಿ ಹಟ ಹಿಡಿದೆ. "ಈ ಯೋಜನೆಗೆ ನಮ್ಮ ಬೆಂಬಲ ಇದೆ" ಎಂಬ ಪತ್ರ ಬೇಡ, ತಿಂಗಳಿಗೆ ಸುಮಾರು ಎಷ್ಟು ಜನರನ್ನು ಎಂಆರ್‌ಐಗೆ ಕಳಿಸುತ್ತೀರಿ, ಈಗ ಎಲ್ಲಿಗೆ, ಅದನ್ನು ಬರೆಯಿರಿ ಎಂದೆ. ಮೂಳೆ ಡಾಕ್ಟರರೊಬ್ಬರು ಬರೆದ ಅರ್ಧ ಪುಟದ ಪತ್ರ, ನನ್ನ ಹತ್ತು ಕೋಷ್ಟಕಗಳಿಗಿಂತ ಗಟ್ಟಿಯಾಗಿತ್ತು. ಕಾರಿಲ್ಲದ ರೋಗಿಗಳು ಸ್ಕ್ಯಾನ್ ಚೀಟಿ ತೆಗೆದುಕೊಂಡು ಹೋಗುತ್ತಾರೆ, ಮಾಡಿಸಿಕೊಳ್ಳದೆ ನೋವು ಇಟ್ಟುಕೊಂಡೇ ವಾಪಸ್ ಬರುತ್ತಾರೆ ಎಂದು ಅವರು ಬರೆದಿದ್ದರು. ಈ ಜನ ಯಾವ ಲೆಕ್ಕದಲ್ಲೂ ಇಲ್ಲ.

ಅರ್ಜಿ ಶುಲ್ಕದ ಬಗ್ಗೆ ಕೇಳುವವರಿಗೆ: ಮೂಲ ಶುಲ್ಕ 5,000 ಡಾಲರ್. ಆಸ್ಪತ್ರೆಯ ಯೋಜನೆಯ ಖರ್ಚು ಹತ್ತು ಲಕ್ಷ ಡಾಲರ್ ಮೀರಿದರೆ ಮೀರಿದ್ದರ ಮೇಲೆ ಶೇ. 0.3 ಸೇರುತ್ತದೆ, ಗರಿಷ್ಠ 50,000.

ಅರ್ಜಿಯ ಪರಿಶೀಲನೆ ಶುರುವಾದ ಮೇಲೆ ಒಂದು ತಿಂಗಳು ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಿಸಬಹುದು. ಪಕ್ಕದ ಕೌಂಟಿಯ ದೊಡ್ಡ ಆಸ್ಪತ್ರೆಯೊಂದು ಆಕ್ಷೇಪಿಸಿತು. ನಮ್ಮಲ್ಲೇ ಯಂತ್ರಕ್ಕೆ ಬಿಡುವಿದೆ, ಇದು ಅನಗತ್ಯ ನಕಲು ಎಂಬುದು ಅವರ ವಾದ. ಅರ್ಜಿಯನ್ನು ಅಳೆಯಲು ಕಾಯ್ದೆಯಲ್ಲಿರುವ ಮಾನದಂಡಗಳಲ್ಲಿ ಆರನೆಯದು ಅದಕ್ಕೆಂದೇ ಇದೆ. ಆದರೆ ಅದೇ ಕಾಯ್ದೆಯಲ್ಲಿ 18(ಎ) ಎಂಬ ಮಾನದಂಡ ಕೂಡ ಇದೆ. ಹೊಸ ಸೇವೆಯಿಂದ ಪೈಪೋಟಿ ಹೇಗೆ ಹೆಚ್ಚುತ್ತದೆ, ಅದರಿಂದ ಖರ್ಚಿಗೆ, ಗುಣಮಟ್ಟಕ್ಕೆ, ಜನರ ಕೈಗೆಟುಕುವುದಕ್ಕೆ ಏನು ಒಳ್ಳೆಯದಾಗುತ್ತದೆ ಎಂದು ಅರ್ಜಿದಾರ ತೋರಿಸಬೇಕು. ಪೈಪೋಟಿಗೆ ಬೇಲಿ ಹಾಕುವ ಕಾಯ್ದೆಯೊಳಗೇ ಪೈಪೋಟಿಯ ಪರ ಮಾತಾಡಲು ಇಷ್ಟು ಜಾಗ ಇದೆ. ಬಹಳ ಅರ್ಜಿಗಳಲ್ಲಿ ಇದಕ್ಕೆ ಎರಡು ಸಾಲಿನ ಉತ್ತರ ಇರುತ್ತದೆ. ನಾನು ಪುಟಗಟ್ಟಲೆ ಬರೆದಿದ್ದೆ: ಇಲ್ಲಿಯವರಿಗೆ ಸದ್ಯ ಎರಡನೇ ಆಯ್ಕೆಯೇ ಇಲ್ಲ, ಬಿಡುವಿರುವ ಯಂತ್ರ ಬಸ್ಸಿಲ್ಲದ ದಾರಿಯ ಆಚೆ ಇದೆ ಎಂದು, ನಕ್ಷೆ ಸಮೇತ.

ಪರಿಶೀಲನೆಗೆ ಇರುವ ಅವಧಿ 90 ದಿನ, ಬೇಕಾದರೆ ಇನ್ನೂ 60 ದಿನ ಸೇರಿಸಬಹುದು. ಒಪ್ಪಿಗೆ ಬಂತು. ಮೇಲ್ಮನವಿಗಿದ್ದ 30 ದಿನಗಳಲ್ಲಿ ಯಾರೂ ಹೋಗಲಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ. ಗೆದ್ದ ಯೋಜನೆಯನ್ನು ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆಯುವುದನ್ನು ನೋಡಿದ್ದೇನೆ. ರೋಗಿಗಳ ಕಾಲವನ್ನು ಹೀಗೆ ತಿನ್ನಲು ಅವಕಾಶ ಇರಬಾರದು.

2023ರಲ್ಲಿ ಇಲ್ಲಿ ಮೆಡಿಕೈಡ್ (ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ವಿಸ್ತರಣೆಯ ಜೊತೆಗೆ ಈ ಕಾಯ್ದೆಯನ್ನೂ ಸಡಿಲ ಮಾಡಿದರು. 1,25,000ಕ್ಕಿಂತ ಜಾಸ್ತಿ ಜನ ಇರುವ ಕೌಂಟಿಗಳಲ್ಲಿ ಎಂಆರ್‌ಐಗೆ 2026ರ ನವೆಂಬರ್ 21ರಿಂದ ಸರ್ಟಿಫಿಕೇಟ್ ಬೇಡ. ಸಣ್ಣ ಕೌಂಟಿಗಳಿಗೆ ಹಳೆಯ ನಿಯಮವೇ. ಬೇಲಿ ತೆಗೆದದ್ದು ಆಯ್ಕೆ ಮೊದಲೇ ಇದ್ದ ಕಡೆ, ಇಲ್ಲದ ಕಡೆ ಅಲ್ಲ. ಪೂರ್ತಿ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಲಾಭ ಬರುವ ಸ್ಕ್ಯಾನ್‌ಗಳನ್ನಷ್ಟೇ ಬೇರೆಯವರು ಎತ್ತಿಕೊಂಡು ಹೋದರೆ, ತುರ್ತು ವಿಭಾಗ ನಡೆಸುವ ಸಣ್ಣ ಆಸ್ಪತ್ರೆ ಉಳಿಯುವುದು ಕಷ್ಟ. ಆದರೆ ಹೊರಗೆ ಹೋಗುವ ರೋಗಿಗಳನ್ನು ಅವರವರ ಕೌಂಟಿಯ ಅಗತ್ಯವಾಗಿಯೇ ಎಣಿಸುವಂತೆ ಲೆಕ್ಕದ ವಿಧಾನ ಬದಲಾಗಬೇಕು. ಇದಕ್ಕೆ ಅರ್ಜಿ ಕೊಡುವ ಸಮಯ ವಸಂತ ಕಾಲ, ಮುಂದಿನ ವರ್ಷದ ಯೋಜನೆಯ ಕರಡು ಬರುವ ಮುಂಚೆ. ಕೌಂಟಿವಾರು ಆ ಶೀಟುಗಳನ್ನು ಈಗ ಬೇರೆ ಸಣ್ಣ ಆಸ್ಪತ್ರೆಗಳಿಗೂ ಮಾಡಿಕೊಡುತ್ತಿದ್ದೇನೆ.