ಇಟಲಿಯಲ್ಲಿ ‘ಬರಲಾಗುತ್ತಿಲ್ಲ’ ಎಂದು ಹೇಳುವ ಬಗೆ

ಮಿಲಾನಿಗೋ ತೊರಿನೊಗೋ ಓದಲು ಬರುವ ನಮ್ಮ ಹುಡುಗ ಹುಡುಗಿಯರು ‘ಗ್ರಾತ್ಸಿಯೆ’ (ಧನ್ಯವಾದ) ಎನ್ನುವುದನ್ನು ವಿಮಾನ ಇಳಿಯುವ ಮೊದಲೇ ಕಲಿತಿರುತ್ತಾರೆ. ಒಪ್ಪಿಕೊಂಡದ್ದು ತಪ್ಪಿಹೋದಾಗ ಮಾತ್ರ ಬಾಯಿ ಕಟ್ಟುತ್ತದೆ. ಕೆಲವರು ಫೋನ್ ಎತ್ತದೆ ಕುಳಿತುಬಿಡುತ್ತಾರೆ, ಇನ್ನು ಕೆಲವರು ತಲೆನೋವಿನಿಂದ ಹಿಡಿದು ಊರಿನಲ್ಲಿರುವ ಅತ್ತೆಯ ಕಾಯಿಲೆಯವರೆಗೆ ಪುರಾಣ ಬಿಚ್ಚುತ್ತಾರೆ. ಎರಡೂ ಬೇಡ. ಬೇಗ ತಿಳಿಸಿ, ಚಿಕ್ಕದಾಗಿ ಹೇಳಿ, ಬೇರೆ ದಿನ ಸೂಚಿಸಿ.

ಗೆಳೆಯರಿಗೆ ಇಷ್ಟು ಸಾಕು: ‘ಸ್ಕೂಜಮಿ, ಒ ಅವೂತೊ ಉನ್ ಇಂಪ್ರೆವಿಸ್ತೊ, ಸ್ತಸೇರ ನೊನ್ ರಿಯೇಸ್ಕೊ ಅ ವೆನೀರೆ.’ ಕ್ಷಮಿಸು, ಎಣಿಸದ ಅಡಚಣೆಯೊಂದು ಬಂತು, ಈ ಸಂಜೆ ಬರಲಾಗುತ್ತಿಲ್ಲ ಎಂದರ್ಥ. ‘ಇಂಪ್ರೆವಿಸ್ತೊ’ ಎಂದ ಮೇಲೆ ಏನು, ಎತ್ತ ಎಂದು ಸಾಮಾನ್ಯವಾಗಿ ಯಾರೂ ಕೆದಕುವುದಿಲ್ಲ. ಬೆನ್ನಿಗೇ ‘ಪೊಸ್ಸ್ಯಾಮೊ ಫಾರೆ ದೊಮಾನಿ?’ (ನಾಳೆ ಇಟ್ಟುಕೊಳ್ಳೋಣವೇ?) ಎಂದು ಕೇಳಿ. ಇದನ್ನು ಕೇಳದಿದ್ದರೆ ನಿಮಗೆ ಬರುವ ಮನಸ್ಸೇ ಇರಲಿಲ್ಲ ಎಂದುಕೊಂಡಾರು. ತ, ದಗಳನ್ನು ಕನ್ನಡದಂತೆಯೇ ಉಚ್ಚರಿಸಿ. ಇಂಗ್ಲಿಷ್ ಶಾಲೆಯ ಟ, ಡ ಇಲ್ಲಿ ಕಿವಿಗೆ ಒರಟು.

ಪ್ರಾಧ್ಯಾಪಕರು, ವೈದ್ಯರು, ಮನೆಯ ಮಾಲೀಕರಿಗೆ ಮರ್ಯಾದೆಯ ಮಾತಿನ ರೂಪ ಬೇಕು: ‘ಬ್ವೊಂಜೋರ್ನೊ, ಮಿ ಸ್ಕೂಜಿ, ಪುರ್ತ್ರೊಪ್ಪೊ ನೊನ್ ಪೊಸ್ಸೊ ವೆನೀರೆ. ಎ ಪೊಸ್ಸೀಬಿಲೆ ಸ್ಪೊಸ್ತಾರೆ ಲಪ್ಪುಂತಮೆಂತೊ?’ ದುರದೃಷ್ಟವಶಾತ್ ಬರಲಾಗುತ್ತಿಲ್ಲ, ಭೇಟಿಯನ್ನು ಬೇರೆ ಹೊತ್ತಿಗೆ ಹಾಕಬಹುದೇ ಎಂದು. ‘ಸ್ಕೂಜಿ’ ಎಂದು ಮರ್ಯಾದೆಯಿಂದ ಶುರುಮಾಡಿ, ಗೆಳೆಯರಿಗೆ ಹೇಳುವ ‘ಚಾವ್’ ಎಂದು ಮುಗಿಸಬೇಡಿ.

ನಮ್ಮವರು ಹೆಚ್ಚು ಎಡವುವುದು ಭಾನುವಾರದ ಊಟದಲ್ಲಿ. ಇಲ್ಲಿನ ಅನೇಕ ಮನೆಗಳಲ್ಲಿ ಪಾಸ್ತಾವನ್ನು ತಲೆಗೆ 80ರಿಂದ 100 ಗ್ರಾಂ ಎಂದು ಅಳೆದು, ಎಲ್ಲರೂ ಸೇರಿದ ಮೇಲೆಯೇ ಕುದಿಯುವ ನೀರಿಗೆ ಹಾಕುತ್ತಾರೆ. ನೀವು ಅರ್ಧ ಗಂಟೆ ತಡವಾದರೆ ಮನೆಮಂದಿಯೆಲ್ಲ ಹಸಿದು ಕಾಯುತ್ತಾರೆ, ಹೇಳದೆ ತಮ್ಮನನ್ನೂ ಕರೆದೊಯ್ದರೆ ಪಾಸ್ತಾ ಸಾಲುವುದಿಲ್ಲ. ಸಾರಿಗೆ ಒಂದು ಲೋಟ ನೀರು ಸೇರಿಸಿ ಸರಿದೂಗಿಸುವ ನಮ್ಮ ಉಪಾಯ ಇಲ್ಲಿ ನಡೆಯದು. ಆದ್ದರಿಂದ ಆ ದಿನ ಬರಲಾಗದಿದ್ದರೆ ಸಂದೇಶ ಬೇಡ, ಫೋನ್ ಮಾಡಿ. ‘ಮಿ ದಿಸ್ಪ್ಯಾಚೆ ತಾಂತೊ’ ಎನ್ನಿ, ತುಂಬಾ ಬೇಸರವಾಗಿದೆ ಎಂದು. ಮುಂದಿನ ಸಲ ಹೋಗುವಾಗ ಬೇಕರಿಯಿಂದ ಒಂದು ತಟ್ಟೆ ಪುಟ್ಟ ಸಿಹಿತಿನಿಸು ಒಯ್ಯಿರಿ. ಫೋನಿನ ಅತ್ತ ಕಡೆಯಿಂದ ‘ಫಿಗೂರತಿ’ ಎಂದರೆ ಪರವಾಗಿಲ್ಲ ಬಿಡು ಎಂದು; ‘ಪಾತ್ಸ್ಯೆಂತ್ಸ’ (ಏನು ಮಾಡುವುದು, ಹೋಗಲಿ) ಎಂದು ನಿಟ್ಟುಸಿರು ಬಿಟ್ಟರೆ ಅಡುಗೆ ಆಗಲೇ ಆಗಿತ್ತೆಂದು ತಿಳಿಯಿರಿ.

ರೈಲು ಮುಷ್ಕರ, ಅಂದರೆ ‘ಶೋಪೆರೊ’, ಎಲ್ಲರೂ ಒಪ್ಪುವ ಕಾರಣ. ಆದರೆ ಅದನ್ನು ಸಾಮಾನ್ಯವಾಗಿ ಮೊದಲೇ ಘೋಷಿಸಿರುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಗಂಟೆಯವರೆಗೆ ಪ್ರಾದೇಶಿಕ ರೈಲುಗಳಲ್ಲಿ ಕನಿಷ್ಠ ಸೇವೆ ಇರುತ್ತದೆ. ಹಾಗಾಗಿ ಹಿಂದಿನ ದಿನವೇ ಹೇಳಬೇಕು, ಅದೇ ಬೆಳಿಗ್ಗೆ ಕಂಗಾಲಾದವರಂತೆ ನಟಿಸಿದರೆ ನಗುತ್ತಾರೆ.

ಸರ್ಕಾರಿ ಆರೋಗ್ಯ ಸೇವೆಯಲ್ಲಿ ತಜ್ಞರ ಭೇಟಿ ಕಾದಿರಿಸಿ, ಸಮಯಕ್ಕೆ ಸರಿಯಾಗಿ ರದ್ದು ಮಾಡದೆ ತಪ್ಪಿಸಿಕೊಂಡರೆ, ಶುಲ್ಕ ವಿನಾಯಿತಿ ಇರುವವರೂ ಹಣ ಕಟ್ಟಬೇಕಾದೀತು. ರದ್ದು ಮಾಡುವುದಕ್ಕೆ ‘ದಿಜ್ದೀರೆ’ ಎನ್ನುತ್ತಾರೆ. ಕಾದಿರಿಸಿದ ಚೀಟಿಯಲ್ಲಿ ಈ ಪದ ಹುಡುಕಿ, ಗಡುವು ಅಲ್ಲೇ ಇರಬಹುದು.

ವಾಸದ ಪರವಾನಗಿಗೆ ಅಂಚೆ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಪೊಲೀಸ್ ಕಚೇರಿಗೆ, ಅಂದರೆ ‘ಕ್ವೆಸ್ತೂರ’ಕ್ಕೆ, ಹೋಗಬೇಕಾದ ದಿನವನ್ನು ಮುದ್ರಿಸಿ ಕೊಡುತ್ತಾರೆ. ಆ ದಿನದ ಮಟ್ಟಿಗೆ ಇಷ್ಟೂ ವಾಕ್ಯಗಳನ್ನು ಬೇರೆಯವರಿಗೆ ಹೇಳಿ: ಪರೀಕ್ಷೆಯಲ್ಲದ ತರಗತಿಗೆ, ಗೆಳೆಯನ ಹುಟ್ಟುಹಬ್ಬಕ್ಕೆ, ಮನೆ ತೋರಿಸುವ ದಲ್ಲಾಳಿಗೆ. ಕ್ವೆಸ್ತೂರದ ದಿನಾಂಕವನ್ನು ಮಾತ್ರ ಅಲುಗಾಡಿಸಬೇಡಿ.